ಮುಕ್ಕಾಲು ಕಿಲೋ

೧೧ ಜನವರಿ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಳೆಯ ರಿಜಿಸ್ಟರಿನಲ್ಲಿ ನಿಮ್ಮ ತಾಯಿಯ ಹೆಸರಿದೆ, ಅದರ ಮುಂದೆ ‘ಹೆಣ್ಣು ಮಗು’ ಎಂದಿದೆ, ಅಷ್ಟೇ. ನಮ್ಮ ವಾರ್ಡಿನಲ್ಲಿ ಮಕ್ಕಳಿಗೆ ಹೆಸರಿಡುವ ಧೈರ್ಯ ಯಾರಿಗೂ ಬೇಗ ಬರುತ್ತಿರಲಿಲ್ಲ.

ಅದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು. ಅಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದೆ. ಈಗ ನಿವೃತ್ತಿಯಾಗಿದೆ. ಆ ಮಕ್ಕಳು ದೊಡ್ಡವರಾದ ಮೇಲೆ ಹೇಗಿದ್ದಾರೆ, ಅವರ ಉಸಿರು, ಕಣ್ಣು, ಕಿವಿ, ರಕ್ತದೊತ್ತಡ ಎಲ್ಲ ಹೇಗಿದೆ ಎಂದು ತಿಳಿಯಲು ಆಸ್ಪತ್ರೆ ಒಂದು ಸಮೀಕ್ಷೆ ಶುರುಮಾಡಿದೆ. ಕಂಪ್ಯೂಟರ್ ಕಳಿಸಿದ ಕಾಗದಕ್ಕೆ ಯಾರೂ ಉತ್ತರ ಬರೆಯುವುದಿಲ್ಲ, ನಾನೇ ಕೈಯಲ್ಲಿ ಬರೆಯುತ್ತೇನೆ ಎಂದು ಜಂಬದಿಂದ ಒಪ್ಪಿಕೊಂಡೆ. ನಲವತ್ತು ಕಾಗದದಲ್ಲಿ ಇದು ಹದಿನೇಳನೆಯದು. ಬೆರಳು ಬಿದ್ದುಹೋಗುವಂತಾಗಿದೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹುಟ್ಟಿದ್ದು ಜೂನ್ ಹದಿನಾಲ್ಕರಂದು, ಇಪ್ಪತ್ತಾರನೆಯ ವಾರಕ್ಕೆ. ಹದಿನಾಲ್ಕು ವಾರ ಮೊದಲೇ ಬಂದಿರಿ. ಈ ಜೂನ್‌ಗೆ ನಿಮಗೆ ಇಪ್ಪತ್ತೇಳು ತುಂಬುತ್ತದೆ. ಜೊತೆಗಿರುವ ನಮೂನೆಯಲ್ಲಿ ಮೂವತ್ತು ಪ್ರಶ್ನೆಗಳಿವೆ, ಚೌಕದಲ್ಲಿ ಗುರುತು ಹಾಕಿದರೆ ಸಾಕು. ಹತ್ತೊಂಬತ್ತನೆಯ ಪ್ರಶ್ನೆ ನೋಡಿ: ‘ನೀವು ಎಷ್ಟು ಮಹಡಿ ಹತ್ತಬಲ್ಲಿರಿ?’ ಅದಕ್ಕೆ ಒಂದು, ಎರಡು, ಮೂರು ಎಂದು ಮೂರೇ ಚೌಕ ಕೊಟ್ಟಿದ್ದಾರೆ. ನಾಲ್ಕನೆಯದು ಯಾಕಿಲ್ಲ ಎಂದು ನಮೂನೆ ಮಾಡಿದ ಡಾಕ್ಟರನ್ನು ಕೇಳಿದೆ. “ಸಾಕು ಬಿಡಿ ಸಿಸ್ಟರ್, ಅದಕ್ಕಿಂತ ಯಾರು ಹತ್ತುತ್ತಾರೆ” ಎಂದರು.

ದಯವಿಟ್ಟು ಫೋನ್ ಮಾಡಬೇಡಿ. ಮೂವತ್ತನಾಲ್ಕು ವರ್ಷ ಅಲಾರಂ ಸದ್ದು ಕೇಳಿ ನನ್ನ ಕಿವಿ ಈಗ ಮುಷ್ಕರ ಹೂಡಿದೆ. ಬರೆಯಿರಿ.

ಇಂತಿ,
ನಿವೃತ್ತ ನರ್ಸ್

೨೯ ಜನವರಿ

ನರ್ಸ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ನಮ್ಮ ಹಳೆಯ ಮನೆಗೆ ಹೋಗಿತ್ತು. ಅಲ್ಲಿರುವ ನನ್ನ ಸೋದರಮಾವ ಅದರ ಮೇಲೆ ನಾನು ಕೆಲಸ ಮಾಡುವ ಜಾಗದ ವಿಳಾಸ ಗೀಚಿ ಕಳಿಸಿದ. ಕೊನೆಗೂ ಕೈ ಸೇರಿತು, ಆದರೆ ತಪ್ಪು ಕೈ. ತಾಯಿಯ ಹೆಸರು ಸರಿ, ಮನೆ ನಂಬರು ಸರಿ, ಮಗಳು ಮಾತ್ರ ತಪ್ಪು. ನಾನು ಹುಟ್ಟಿದ್ದು ಸೆಪ್ಟೆಂಬರ್ ಇಪ್ಪತ್ತಕ್ಕೆ, ದಿನ ತುಂಬಿಯೇ. ಶಾಲೆಯ ದಾಖಲೆಯಲ್ಲೂ ಗುರುತಿನ ಚೀಟಿಯಲ್ಲೂ ಹಾಗೇ ಇದೆ. ಜೂನ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೆರಲು ನಮ್ಮಮ್ಮ ಎಷ್ಟೇ ಗಟ್ಟಿಗಿತ್ತಿಯಾದರೂ ಆಗುವ ಮಾತಲ್ಲ. ಹಾಗಾಗಿ ಎಡವಟ್ಟು ನಿಮ್ಮ ರಿಜಿಸ್ಟರಿನದೇ.

ನಮೂನೆಯನ್ನು ಖಾಲಿಯಾಗಿಯೇ ವಾಪಸ್ ಕಳಿಸಿದ್ದೇನೆ. ನನಗಿರುವುದು ಬರೀ ಅಸ್ತಮಾ. ಅದು ಊರಿಗೆಲ್ಲ ಇರುತ್ತದೆ.

ನಿಮ್ಮ ಬೆರಳಿಗೆ ವಿಶ್ರಾಂತಿ ಕೊಡಿ.

ಇಂತಿ,
ನೀವು ಹುಡುಕುತ್ತಿರುವವಳಲ್ಲದವಳು

೮ ಫೆಬ್ರವರಿ

ಹುಡುಕುತ್ತಿರುವವಳಲ್ಲದವಳಿಗೆ,

ನಿಮ್ಮ ಕಾಗದ ಓದಿ ನಕ್ಕೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಜೂನ್ ಹದಿನಾಲ್ಕರಿಂದ ಸೆಪ್ಟೆಂಬರ್ ಇಪ್ಪತ್ತಕ್ಕೆ ಎಷ್ಟು ದಿನ ಗೊತ್ತೇ? ತೊಂಬತ್ತೆಂಟು. ಅಂದರೆ ಹದಿನಾಲ್ಕು ವಾರ, ಒಂದು ದಿನ ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂದು ಕೆಲಸ ಮಾಡಿ. ಸಾಕ್ಸ್ ತೆಗೆದು ಬೆಳಕಿಗೆ ಕೂತು ನಿಮ್ಮ ಹಿಮ್ಮಡಿ ನೋಡಿಕೊಳ್ಳಿ. ಎರಡೂ ಹಿಮ್ಮಡಿಯ ಪಕ್ಕದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಬಿಳಿ ಚುಕ್ಕೆಗಳಿವೆಯೇ? ನಮ್ಮ ಮಕ್ಕಳ ರಕ್ತನಾಳ ನೂಲಿನಷ್ಟೂ ದಪ್ಪವಿರುತ್ತಿರಲಿಲ್ಲ. ಪರೀಕ್ಷೆಗೆ ರಕ್ತ ಬೇಕೆಂದರೆ ಹಿಮ್ಮಡಿಗೇ ಚುಚ್ಚುತ್ತಿದ್ದೆವು. ಚುಚ್ಚಿದಾಗೆಲ್ಲ ನಾನು ತಪ್ಪಾಯಿತು ಎನ್ನುತ್ತಿದ್ದೆ.

ಚುಕ್ಕೆ ಇಲ್ಲದಿದ್ದರೆ ಈ ಕಾಗದ ಹರಿದುಹಾಕಿ, ಮುದುಕಿಗೆ ಅರಳುಮರುಳು ಎಂದುಕೊಳ್ಳಿ. ಇದ್ದರೆ ನಿಮ್ಮ ಅಮ್ಮನನ್ನು ಕೇಳಿ. ಬೈಯಬೇಡಿ, ಕೇಳಿ. ನಮೂನೆಯನ್ನು ಮತ್ತೆ ಇಟ್ಟಿದ್ದೇನೆ.

ಇಂತಿ,
ನರ್ಸ್

೩ ಮಾರ್ಚ್

ಸಿಸ್ಟರ್,

ಎಡ ಹಿಮ್ಮಡಿಯಲ್ಲಿ ಹನ್ನೊಂದು, ಬಲದಲ್ಲಿ ಒಂಬತ್ತು.

ಚಿಕ್ಕಂದಿನಿಂದ ನೋಡಿಕೊಂಡೇ ಬಂದಿದ್ದೇನೆ. ನಡೆಯಲು ಕಲಿಯುವಾಗ ಜಲ್ಲಿಕಲ್ಲಿನ ಮೇಲೆ ಓಡಿದ್ದೆ ಎಂದು ಅಮ್ಮ ಹೇಳಿದ್ದಳು. ಹಿಮ್ಮಡಿಯ ಮೇಲೆ ಓಡುವ ಮಗು ಎಲ್ಲಾದರೂ ಇರುತ್ತದೆಯೇ ಎಂದು ಇಷ್ಟು ವರ್ಷ ಯೋಚಿಸದ ನನ್ನ ತಲೆಗೆ ಏನು ಹೇಳಬೇಕು! ರಜೆ ಹಾಕಿ ಮನೆಗೆ ಹೋದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಾಲು ಎತ್ತಿ ತೋರಿಸಿದೆ. ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. “ಯಾರು ಹೇಳಿದ್ದು?” ಎಂದಳು. ನಿಮ್ಮ ಕಾಗದ ಕೊಟ್ಟೆ. ಚುಚ್ಚಿದಾಗೆಲ್ಲ ತಪ್ಪಾಯಿತು ಎನ್ನುತ್ತಿದ್ದಿರಿ ಎಂಬುದನ್ನು ಓದಿ ಗುರುತು ಹಿಡಿದಳು. “ಅಯ್ಯೋ, ಶ್ ಸಿಸ್ಟರಾ! ಇನ್ನೂ ಇದ್ದಾರಾ! ಡಾಕ್ಟ್ರು ಕೆಮ್ಮಿದ್ರೂ ‘ಶ್!’ ಅನ್ನೋರು. ಮಕ್ಳು ಮಲ್ಗಿದ್ದಾರೆ ಅಂತ.”

ಆಮೇಲೆ ತಾರೀಕಿನ ಕಥೆ ಹೊರಬಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಅವಳಿಗೆ ಹೇಳಿದರಂತೆ, ಈ ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬೇಡಿ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ ಎಂದು. ಬೇರೆ ಮಕ್ಕಳ ಜೊತೆ ಹೋಲಿಸಿ ಹೆದರಬಾರದೆಂದು ಹಾಗೆ ಹೇಳಿದ್ದು. “ಎಣಿಸಿ ಅಂದ್ರು, ಎಣಿಸ್ದೆ. ನಿಲ್ಸಿ ಅಂತ ಯಾರೂ ಹೇಳ್ಲೇ ಇಲ್ವಲ್ಲ ಕಣೇ!” ಶಾಲೆಗೆ ಸೇರಿಸುವಾಗಲೂ ಅದೇ ತಾರೀಕು ಬರೆಸಿದಳು. ಅಷ್ಟೊತ್ತಿಗೆ ನಾವು ಬೇರೆ ಬಡಾವಣೆಗೆ ಬಂದಿದ್ದೆವು, ಯಾರಿಗೂ ಹಳೆಯದು ಗೊತ್ತಿರಲಿಲ್ಲ. “ಮೊದ್ಲೆಲ್ಲಾ ನೋಡೋಕೆ ಬಂದೋರು ‘ಉಳಿಯುತ್ತಾ?’ ಅಂತಾನೇ ಕೇಳೋರು. ನಿನ್ ಮುಂದೆ ಆ ಮಾತು ಯಾರೂ ಆಡ್ಬಾರ್ದು ಅನ್ಸಿತು. ಹಾಗೇ ಬಿಟ್ಟುಬಿಟ್ಟೆ” ಎಂದಳು. ಅತ್ತಳು. ನನಗೂ ಸಿಟ್ಟು ಬಂದಿತ್ತು, ಆದರೆ ಅವಳ ಮುಖ ನೋಡಿ ಕಾಲು ಕೆಳಗಿಳಿಸಿ ಸಾಕ್ಸ್ ಹಾಕಿಕೊಂಡೆ. ನನ್ನ ಬಾಲ್ಯವೆಲ್ಲ ಮಫ್ಲರ್ ಸುತ್ತಿಕೊಂಡು ಕಿಟಕಿಯಲ್ಲಿ ಕೂತು ಬೇರೆಯವರ ಆಟ ನೋಡಿದ್ದು ಯಾಕೆಂದು ಈಗ ಗೊತ್ತಾಯಿತು.

ನಾನು ಏನು ಕೆಲಸ ಮಾಡುತ್ತೇನೆಂದು ಹೇಳಿಲ್ಲ, ಅಲ್ಲವೇ? ಎತ್ತರದ ಕಟ್ಟಡ ಕಟ್ಟುವ ಕಡೆ ಟವರ್ ಕ್ರೇನ್ ಇರುತ್ತದಲ್ಲ, ಅದರ ಕೆಳಗೆ ನಿಂತು ಸನ್ನೆ ಕೊಡುವವಳು. ಎರಡು ವರ್ಷದಿಂದ ಕತ್ತು ಎತ್ತಿ ಎತ್ತಿ ಮೇಲಿನ ಕ್ಯಾಬಿನ್ ನೋಡಿದ್ದೇನೆ. ನನಗೆ ಅಲ್ಲಿ ಕೂರಬೇಕು. ಇಷ್ಟು ಬೇಕೆಂದು ನಾನು ಬೇರೇನನ್ನೂ ಬಯಸಿಲ್ಲ. ಕ್ರೇನ್ ನಡೆಸುವುದನ್ನು ಮಾದರಿ ಯಂತ್ರದಲ್ಲಿ ಕಲಿತು ಮೊದಲನೆಯವಳಾಗಿ ಬಂದೆ. ಆದರೆ ಕ್ಯಾಬಿನ್‌ಗೆ ಲಿಫ್ಟ್ ಇಲ್ಲ, ಇನ್ನೂರ ಎಂಟು ಮೆಟ್ಟಿಲಿನ ಕಬ್ಬಿಣದ ಏಣಿ, ಹದಿನೇಳು ಮಹಡಿಯಷ್ಟು ಎತ್ತರ. ಅರ್ಧಕ್ಕೇ ನನ್ನ ಎದೆ ಮುಚ್ಚಿಕೊಳ್ಳುತ್ತದೆ. ಕಂಪನಿ ಡಾಕ್ಟರು ಅಸ್ತಮಾ ಎಂದು ಕೊಟ್ಟ ಪಂಪನ್ನು ಎರಡು ವರ್ಷದಿಂದ ಎಳೆಯುತ್ತಿದ್ದೇನೆ, ಬಾಯಿ ಕಹಿಯಾಗಿದ್ದು ಬಿಟ್ಟರೆ ಏನೂ ಆಗಿಲ್ಲ. ಜೂನ್ ಹನ್ನೊಂದಕ್ಕೆ ಪರೀಕ್ಷೆ. ಅಂದೂ ಹತ್ತಲಾಗದಿದ್ದರೆ ಇನ್ನು ಯಾವತ್ತೂ ನೆಲದ ಕೆಲಸವೇ.

ಸಿಸ್ಟರ್, ಇದೆಲ್ಲಕ್ಕೂ ನಾನು ಹುಟ್ಟಿದ್ದಕ್ಕೂ ಸಂಬಂಧವಿದೆಯೇ?

ಇಂತಿ,
ಹುಡುಕುತ್ತಿದ್ದವಳೇ ಇರಬೇಕು

೧೨ ಮಾರ್ಚ್

ಮಗಳೇ,

ಇನ್ನು ನಿನಗೆ ‘ನೀವು’ ಎನ್ನಲು ನನ್ನಿಂದಾಗದು. ನಿನ್ನ ಮೈಗಿಂತ ದೊಡ್ಡದಾದ ಲಂಗೋಟಿ ಬದಲಿಸಿದವಳು ನಾನು.

ಸಂಬಂಧವಿದೆ. ತಾಯಿಯ ಹೊಟ್ಟೆಯಲ್ಲಿ ಕೊನೆಯ ವಾರಗಳಲ್ಲಿ ಆಗಬೇಕಾದ ಶ್ವಾಸಕೋಶದ ಕೆಲಸ ನಿನಗೆ ಹೊರಗೆ ಬಂದ ಮೇಲೆ ಆಯಿತು, ಅದೂ ಯಂತ್ರದ ಗಾಳಿಯಲ್ಲಿ. ಅಂಥವರಲ್ಲಿ ಕೆಲವರ ಶ್ವಾಸನಾಳ ದೊಡ್ಡವರಾದ ಮೇಲೂ ಕಿರಿದಾಗಿಯೇ ಉಳಿಯುತ್ತದೆ. ನೋಡುವವರಿಗೆ ಅದು ಅಸ್ತಮಾದ ಹಾಗೆಯೇ ಕಾಣುತ್ತದೆ. ದೊಡ್ಡವರನ್ನು ನೋಡುವ ಡಾಕ್ಟರುಗಳು ಎಲ್ಲ ಕೇಳುತ್ತಾರೆ, ನೀವು ಎಷ್ಟನೆಯ ವಾರಕ್ಕೆ ಹುಟ್ಟಿದಿರಿ ಎಂದು ಮಾತ್ರ ಕೇಳುವುದಿಲ್ಲ. ನೀನೇ ಹೇಳಬೇಕು. ಶ್ವಾಸಕೋಶದ ಡಾಕ್ಟರ ಬಳಿ ಹೋಗು, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳು: ಇಪ್ಪತ್ತಾರು ವಾರ, ಏಳುನೂರ ಐವತ್ತು ಗ್ರಾಂ, ಮೂವತ್ತೊಂದು ದಿನ ಉಸಿರಾಟದ ಯಂತ್ರ.

ಏಳುನೂರ ಐವತ್ತು. ಅದಕ್ಕೇ ವಾರ್ಡಿನಲ್ಲಿ ನಿನ್ನ ಹೆಸರು ಮುಕ್ಕಾಲು. ಆಚೆ ಮಂಚದಲ್ಲಿ ಒಂದೂಕಾಲು ಇದ್ದ, ಅವನು ನಮಗೆಲ್ಲ ಪೈಲ್ವಾನನ ಹಾಗೆ ಕಾಣುತ್ತಿದ್ದ. “ಮುಕ್ಕಾಲು ಏನ್ ಮಾಡ್ತಿದ್ದಾಳೆ?” ಎಂದು ಕೇಳಿಕೊಂಡೇ ಎಲ್ಲರೂ ಡ್ಯೂಟಿಗೆ ಬರುತ್ತಿದ್ದರು.

ನಿನ್ನದೊಂದು ಕೆಟ್ಟ ಚಾಳಿಯಿತ್ತು. ಯಂತ್ರ ತೆಗೆದ ಮೇಲೆ ಉಸಿರಾಡುವುದನ್ನೇ ಮರೆತುಬಿಡುತ್ತಿದ್ದೆ. ಅಷ್ಟು ಬೇಗ ಹುಟ್ಟಿದ ಮಕ್ಕಳೆಲ್ಲ ಹಾಗೇ, ಮಿದುಳಿಗೆ ಇನ್ನೂ ರೂಢಿಯಾಗಿರುವುದಿಲ್ಲ. ಅಲಾರಂ ಹೊಡೆದ ಕೂಡಲೇ ಕೈ ಹಾಕಿ ನಿನ್ನ ಅಂಗಾಲನ್ನು ಬೆರಳಿನಿಂದ ತಟ್ಟುತ್ತಿದ್ದೆ. ‘ಓ, ಉಸಿರಾಡಬೇಕಲ್ಲವೇ’ ಎಂಬಂತೆ ಮುಖ ಸಿಂಡರಿಸಿಕೊಂಡು ಮತ್ತೆ ಶುರುಮಾಡುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ನಿನಗೆ ಉಸಿರಾಟ ಕಲಿಸಿದ್ದು ಅಂಗಾಲಿನಿಂದ.

ಡಾಕ್ಟರು ಏನೆಂದರು ಬರೆ. ಅಮ್ಮನಿಗೆ ನನ್ನ ನೆನಪು ಹೇಳು. ತಾರೀಕು ಎಣಿಸುವುದನ್ನು ಇನ್ನು ನಿಲ್ಲಿಸಬಹುದು ಎಂದು ನಾನೇ ಅಧಿಕೃತವಾಗಿ ತಿಳಿಸಿದ್ದೇನೆ ಎನ್ನು.

ಇಂತಿ,
ಶ್ ಸಿಸ್ಟರ್

೬ ಏಪ್ರಿಲ್

ಸಿಸ್ಟರ್,

ಹೋದೆ. ಕೂರುವ ಮೊದಲೇ ಹೇಳಿದೆ. ಶ್ವಾಸಕೋಶದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು “ಇದನ್ನ ಯಾಕಮ್ಮ ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ?” ಎಂದರು. ನನಗೇ ಗೊತ್ತಿರಲಿಲ್ಲ ಎಂದೆ. ಕೊಳವೆಯೊಳಗೆ ಊದಿಸಿದರು, ಪಂಪು ಎಳೆಸಿ ಮತ್ತೆ ಊದಿಸಿದರು, ಸೈಕಲ್ ತುಳಿಸಿದರು. ಅಸ್ತಮಾ ಅಲ್ಲ. ಪಂಪು ಬೇಡ. ರಕ್ತದೊತ್ತಡ ಒಂದು ಕೂದಲೆಳೆ ಜಾಸ್ತಿ, ವರ್ಷಕ್ಕೊಮ್ಮೆ ನೋಡಿಸಬೇಕು. ಹೊಗೆಯ ಹತ್ತಿರ ಸುಳಿಯಬಾರದು, ಕೆಮ್ಮು ಬಂದರೆ ಉದಾಸೀನ ಮಾಡಬಾರದು.

ನನ್ನ ವಯಸ್ಸಿನವರು ಒಂದು ಸಲಕ್ಕೆ ಊದಬೇಕಾದ ಗಾಳಿಯಲ್ಲಿ ನಾನು ಊದುವುದು ನೂರಕ್ಕೆ ಎಪ್ಪತ್ತೈದು. ಮುಕ್ಕಾಲು.

ನೀವು ನನ್ನ ಹೆಸರನ್ನು ಬಹಳ ಚೆನ್ನಾಗಿ ಇಟ್ಟಿದ್ದೀರಿ. ನೀವೆಲ್ಲ ನಗುತ್ತಾ ಕರೆದ ಹೆಸರು ನನ್ನ ಎದೆಯೊಳಗೇ ಉಳಿದುಬಿಟ್ಟಿದೆ. ಬೇರೆಯವರು ಪೂರ್ತಿ ಮನುಷ್ಯರು, ನಾನು ಮುಕ್ಕಾಲು. ಇದು ಇನ್ನು ಬೆಳೆಯುವುದಿಲ್ಲವಂತೆ. ಇರುವುದರಲ್ಲೇ ಮೈ ಪಳಗಿಸಿದರೆ ಎಷ್ಟೋ ಸುಧಾರಿಸುತ್ತದೆ, ಪರೀಕ್ಷೆ ಪಾಸಾದರೆ ತಮ್ಮದೇನೂ ತಕರಾರಿಲ್ಲ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಒಳ್ಳೆಯವರು. ನನಗೆ ಮಾತ್ರ ಆ ಸಂಖ್ಯೆ ಬಿಟ್ಟು ಬೇರೇನೂ ಕಿವಿಗೆ ಬೀಳಲಿಲ್ಲ.

ಒಂದೇ ಪ್ರಶ್ನೆ. ಶ್ವಾಸಕೋಶಕ್ಕೆ ಪೆಟ್ಟಾಗಿದ್ದು ಬೇಗ ಹುಟ್ಟಿದ್ದರಿಂದಲೋ, ಯಂತ್ರದಿಂದಲೋ? ನೀವು ಹೋದ ಕಾಗದದಲ್ಲಿ ‘ಅದೂ ಯಂತ್ರದ ಗಾಳಿಯಲ್ಲಿ’ ಎಂದು ಬರೆದು ಮುಂದಕ್ಕೆ ಓಡಿಬಿಟ್ಟಿದ್ದೀರಿ. ಕ್ರೇನಿನ ಕೆಳಗೆ ನಿಲ್ಲುವವಳು ನಾನು. ಯಾರಾದರೂ ಯಾವುದನ್ನಾದರೂ ಬೇಗ ದಾಟಿಸಿದರೆ ನನ್ನ ಕಣ್ಣಿಗೆ ಬೀಳುತ್ತದೆ.

೧೫ ಏಪ್ರಿಲ್

ಮುಕ್ಕಾಲು,

ನಿನ್ನ ಕಣ್ಣು ಚುರುಕಾಗಿದೆ. ಎರಡರಿಂದಲೂ ಆಯಿತು.

ಅದು ನಿನ್ನ ಹದಿಮೂರನೆಯ ದಿನ, ಬೆಳಿಗ್ಗೆ ಹತ್ತೂವರೆ. ಮೈ ನೀಲಿಗಟ್ಟಿತು. ಡಾಕ್ಟರು ಇನ್ನೊಂದು ಮಗುವಿಗೆ ನಳಿಗೆ ಹಾಕುತ್ತಿದ್ದರು, ಕೈ ಬಿಡುವಂತಿರಲಿಲ್ಲ. ಯಂತ್ರದ ಗಾಳಿಯ ಒತ್ತಡ ಹೆಚ್ಚಿಸುವ ಗುಂಡಿಯನ್ನು ನಾನೇ ತಿರುಗಿಸಿದೆ. ಸ್ವಲ್ಪ ಗುಲಾಬಿಯಾದೆ. ಇನ್ನೂ ತಿರುಗಿಸಿದೆ. ಡಾಕ್ಟರು ಬಂದು ಸರಿ ಮಾಡಿದಿರಿ ಎಂದರು, ಅದನ್ನು ಹಾಗೇ ಬಿಟ್ಟರು. ಆ ಗಾಳಿಯೇ ನಿನ್ನನ್ನು ಉಳಿಸಿತು. ಆ ಗಾಳಿಯೇ ನಿನ್ನ ಎಳೆಯ ಶ್ವಾಸಕೋಶಕ್ಕೆ ಗಾಯ ಮಾಡಿತು. ಆಗಲೂ ನಮಗೆ ಗೊತ್ತಿತ್ತು. ಈಗಿನ ವಾರ್ಡಿನಲ್ಲಿ ಮೆತ್ತಗೆ ಗಾಳಿ ಕೊಡುವ ಯಂತ್ರಗಳಿವೆ, ಅವನ್ನು ಕಂಡಾಗೆಲ್ಲ ಸಂತೋಷವೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ನಲವತ್ತು ಕಾಗದ ಬರೆಯುತ್ತೇನೆಂದು ಒಪ್ಪಿಕೊಂಡಿದ್ದು ಬರೀ ಜಂಬದಿಂದಲ್ಲ. ನನ್ನ ಕೈ ಮಾಡಿದ್ದು ಏನಾಯಿತು ಎಂದು ತಿಳಿಯಬೇಕಿತ್ತು. ತಿಳಿಯಿತು. ಆ ಕಾಲು ಭಾಗ ನಿನ್ನಿಂದ ತೆಗೆದುಕೊಂಡಿದ್ದು ನಾನು. ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನರ್ಸ್

೨೦ ಮೇ

ಮುಕ್ಕಾಲು,

ತಿಂಗಳ ಮೇಲಾಯಿತು, ನಿನ್ನಿಂದ ಒಂದು ಸಾಲಿಲ್ಲ. ನಿನ್ನ ಕೋಪ ನ್ಯಾಯವಾದದ್ದೇ. ಬರೆಯಬೇಡ, ಆದರೆ ಓದು.

ನಲವತ್ತರಲ್ಲಿ ಹನ್ನೊಂದು ಜನ ಉತ್ತರ ಬರೆದಿದ್ದಾರೆ. ಒಬ್ಬ ರೊಟ್ಟಿ ಅಂಗಡಿ ಇಟ್ಟಿದ್ದಾನೆ, ಈಗಲೇ ಬಿಪಿ ಮಾತ್ರೆ ನುಂಗುತ್ತಾನೆ, ಉಪ್ಪು ಬಿಟ್ಟಿದ್ದಾನೆ, ಗೊಣಗುತ್ತಾನೆ. ಒಬ್ಬಳಿಗೆ ಒಂದು ಕಣ್ಣು ಮಂದ, ಗಡಿಯಾರ ರಿಪೇರಿ ಮಾಡುತ್ತಾಳೆ. ಒಬ್ಬ ಕುಂಟುತ್ತಾನೆ, ಇಬ್ಬರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಕುಂಟುತ್ತಾನೆ. ನಾಲ್ವರಿಗೆ ಏನೇನೂ ತೊಂದರೆಯಿಲ್ಲ, ಇಂಥದ್ದಕ್ಕೆಲ್ಲ ಕಾಗದ ಬರೆದು ಹೆದರಿಸಬೇಡಿ ಎಂದು ಬೈದಿದ್ದಾರೆ. ಆ ಬೈಗುಳವನ್ನು ಮೂರು ಸಲ ಓದಿ ಖುಷಿಪಟ್ಟೆ. ಒಂದೂಕಾಲು ಪೈಲ್ವಾನ ಈಗ ನೂರ ಎರಡು ಕಿಲೋ ಇದ್ದಾನೆ, ಇಳಿಸಲು ಹೇಳಿದ್ದೇನೆ.

ಯಾರೂ ನಿನ್ನ ಹಾಗೆ ಕಬ್ಬಿಣದ ಏಣಿಯ ಮೇಲೆ ಕಣ್ಣಿಟ್ಟಿಲ್ಲ. ಜೂನ್ ಹನ್ನೊಂದು ನನ್ನ ತಲೆಯಿಂದ ಹೋಗುತ್ತಿಲ್ಲ. ಹತ್ತಲಾಗದಿದ್ದರೂ ನೀನು ಕಡಿಮೆಯವಳಲ್ಲ ಎಂದು ಬರೆಯಬೇಕೆಂದು ಕೂತೆ. ಅದು ಸುಳ್ಳು ಸಮಾಧಾನ. ನೀನು ಹತ್ತಬೇಕೆಂದೇ ನನ್ನ ಆಸೆ.

ನರ್ಸ್

೧೪ ಜೂನ್

ಪ್ರೀತಿಯ ಶ್ ಸಿಸ್ಟರ್,

ಮೊದಲು ಒಂದು ಜಗಳ. ಲಕೋಟೆಯ ಮೇಲೆ ‘ಮುಕ್ಕಾಲು, ಕ್ರೇನ್ ವಿಭಾಗ’ ಎಂದು ಬರೆದರೆ ಅದು ಯಾರಿಗೆ ಸೇರಬೇಕು? ನೀವು ಪ್ರೀತಿಯಿಂದ ಬರೆದಿರಿ, ಗೇಟಿನ ಗುಮಾಸ್ತ ತಲೆ ಕೆರೆದುಕೊಂಡ. ಇಡೀ ಕಂಪನಿಯಲ್ಲಿ ಅವನಿಗೆ ಗೊತ್ತಿದ್ದ ಮುಕ್ಕಾಲು ಒಂದೇ, ಮುಕ್ಕಾಲು ಇಂಚಿನ ನೀರಿನ ಪೈಪು. ನಿಮ್ಮ ಎರಡೂ ಕಾಗದ ಆಚೆ ತುದಿಯ ಪೈಪಿನ ಉಗ್ರಾಣದಲ್ಲಿ, ಮುಕ್ಕಾಲು ಇಂಚಿನ ಖಾನೆಯಲ್ಲಿ ಕೂತಿದ್ದವು, ಮೊದಲನೆಯದು ಸುಮಾರು ಎರಡು ತಿಂಗಳು, ಎರಡನೆಯದು ಮೂರು ವಾರ. ನಾನು ಇತ್ತ ಏಪ್ರಿಲ್‌ನಲ್ಲಿ ಬರೆದ ಕಾಗದಕ್ಕೆ ನಾಚಿ ಸಾಯುತ್ತಿದ್ದೆ. ಮುದುಕಿಗೆ ಚುಚ್ಚಿ ಬರೆದೆ, ಅವರು ನೊಂದುಕೊಂಡು ನನ್ನನ್ನು ಬಿಟ್ಟೇಬಿಟ್ಟರು ಎಂದುಕೊಂಡಿದ್ದೆ. ಮತ್ತೆ ಬರೆಯಲು ಕೈ ಬರಲಿಲ್ಲ. ಏನಾದರೂ ಮಾಡಿ ತೋರಿಸಿದ ಮೇಲೇ ಬರೆಯುತ್ತೇನೆ ಎಂದು ಹಟ ಹಿಡಿದೆ.

ಈಗ ಕೇಳಿ. ಡಾಕ್ಟರಮ್ಮ ಹೇಳಿದಂತೆ ಏಪ್ರಿಲ್‌ನಿಂದ ದಿನಾ ಬೆಳಿಗ್ಗೆ ನಾನಿರುವ ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದೆ. ಮೊದಲ ವಾರ ಎರಡನೆಯ ಮಹಡಿಯಲ್ಲೇ ಗೋಡೆ ಹಿಡಿದೆ. ಮೇ ಮುಗಿಯುವ ಹೊತ್ತಿಗೆ ಐದು ಮಹಡಿ, ಮೂರು ಸುತ್ತು. ಕಂಪನಿಯ ನಿಯಮದ ಪುಸ್ತಕವನ್ನೂ ಮೊದಲ ಸಲ ಪೂರ್ತಿ ಓದಿದೆ. ಏಣಿಯಲ್ಲಿ ಇಪ್ಪತ್ತಾರು ಮೆಟ್ಟಿಲಿಗೊಂದರಂತೆ ಕಬ್ಬಿಣದ ಸಣ್ಣ ಅಟ್ಟವಿದೆ. ಹೌದು, ಇಪ್ಪತ್ತಾರೇ, ನಾನೂ ನಕ್ಕೆ. ಆ ಅಟ್ಟದ ಮೇಲೆ ನಿಂತು ಸುಧಾರಿಸಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಇಷ್ಟು ನಿಮಿಷದಲ್ಲಿ ಹತ್ತಬೇಕು ಎಂದು ಎಲ್ಲೂ ಬರೆದಿಲ್ಲ! ನಮ್ಮ ಮೇಸ್ತ್ರಿ ಕೈಗಡಿಯಾರ ಹಿಡಿದು ನಿಲ್ಲುತ್ತಾನೆ, ಹುಡುಗರು ನಾಲ್ಕು ನಿಮಿಷ, ಮೂರೂವರೆ ನಿಮಿಷ ಎಂದು ಪೈಪೋಟಿಗೆ ಬೀಳುತ್ತಾರೆ. ನಿಂತರೆ ಅವಮಾನ ಎಂದು ನಾನೂ ಅವರ ಹಿಂದೆ ಓಡಿ ಓಡಿ ಅರ್ಧಕ್ಕೇ ಕುಸಿಯುತ್ತಿದ್ದೆ.

ಹನ್ನೊಂದನೆಯ ತಾರೀಕು ಬೆಳಿಗ್ಗೆ ಹೆಲ್ಮೆಟ್ ಮೇಲೆ ದಪ್ಪ ಮಸಿಯಲ್ಲಿ ‘ಮುಕ್ಕಾಲು’ ಎಂದು ಬರೆದೆ. ಹೇಗೂ ಎದೆಯೊಳಗಿದೆ, ತಲೆಯ ಮೇಲೂ ಇರಲಿ ಎಂದು. ಅಮ್ಮ ಬಂದಿದ್ದಳು. ಬೇಡ ಎನ್ನಲು ಬಂದಿದ್ದಾಳೆ ಎಂದುಕೊಂಡೆ. ಅವಳು ನನ್ನ ಮಫ್ಲರನ್ನು ಕತ್ತಿನಿಂದ ಬಿಚ್ಚಿ ತನ್ನ ಕೈಚೀಲಕ್ಕೆ ತುರುಕಿದಳು. “ಹೋಗು” ಎಂದಳು, ಅಷ್ಟೇ.

ನನ್ನ ಜೊತೆ ಇನ್ನಿಬ್ಬರು ಪರೀಕ್ಷೆಗಿದ್ದರು. ಒಬ್ಬ ಮೂರೂವರೆ ನಿಮಿಷಕ್ಕೆ ಹತ್ತಿದ, ಇನ್ನೊಬ್ಬ ನಾಲ್ಕಕ್ಕೆ. ಕೊನೆಗೆ ನಾನು. ಪ್ರತಿ ಅಟ್ಟದಲ್ಲೂ ನಿಂತೆ. ಕೆಳಗಿನಿಂದ ಮೇಸ್ತ್ರಿ ವಾಕಿಟಾಕಿಯಲ್ಲಿ “ಏನಮ್ಮಾ, ಅಲ್ಲೇ ಮನೆ ಮಾಡ್ತೀಯಾ?” ಎಂದ. “ಬಾಡಿಗೆ ವಿಚಾರಿಸ್ತಿದ್ದೀನಿ” ಎಂದೆ. ಐದನೆಯ ಅಟ್ಟ ಬಿಟ್ಟು ಏಳೆಂಟು ಮೆಟ್ಟಿಲು ಹತ್ತಿರಬೇಕು, ಗಾಳಿ ಜೋರಾಯಿತು, ಕೆಳಗೆ ನೋಡಿಬಿಟ್ಟೆ. ಉಸಿರು ಸಿಕ್ಕಿಕೊಂಡಿತು. ಏದುಸಿರಲ್ಲ ಸಿಸ್ಟರ್, ಉಸಿರೇ ಇಲ್ಲ. ಒಳಗೆ ಎಳೆದುಕೊಳ್ಳುವುದು ಹೇಗೆಂದೇ ಮರೆತುಹೋಯಿತು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆಗ ನಿಮ್ಮ ಮಾರ್ಚ್ ತಿಂಗಳ ಕಾಗದ ನೆನಪಾಯಿತು. ಬೂಟಿನ ಕಾಲೆತ್ತಿ ಕಬ್ಬಿಣದ ಮೆಟ್ಟಿಲಿಗೆ ಟಣ್ ಎಂದು ಕುಟ್ಟಿದೆ. ಇನ್ನೊಮ್ಮೆ ಕುಟ್ಟಿದೆ. ಅಂಗಾಲು ಜುಮ್ಮೆಂದಿತು. ಓ, ಉಸಿರಾಡಬೇಕಲ್ಲವೇ!

ಅಲ್ಲಿಂದ ಮುಂದೆ ಪ್ರತಿ ಮೆಟ್ಟಿಲನ್ನೂ ಕುಟ್ಟಿಕೊಂಡೇ ಹತ್ತಿದೆ. ಒಂದು ಕುಟ್ಟು, ಒಂದು ಉಸಿರು. ಹನ್ನೊಂದು ನಿಮಿಷಕ್ಕೆ ಕ್ಯಾಬಿನ್ ಬಾಗಿಲು ತೆಗೆದೆ.

ಅಸಲು ಪರೀಕ್ಷೆ ಇರುವುದು ಅಲ್ಲಿ. ಅಂಚಿನವರೆಗೆ ನೀರು ತುಂಬಿದ ಡ್ರಮ್ಮನ್ನು ನೆಲದಿಂದ ಎತ್ತಿ, ಎರಡು ಗೋಡೆ ದಾಟಿಸಿ, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ಮೂರೂವರೆ ನಿಮಿಷಕ್ಕೆ ಹತ್ತಿದವನ ಕೈ ನಡುಗುತ್ತಿತ್ತು, ಕಾಲು ಡ್ರಮ್ಮು ನೀರು ಚೆಲ್ಲಿದ. ಇನ್ನೊಬ್ಬ ವೃತ್ತದ ಹೊರಗಿಟ್ಟ. ನಾನು ಏಳು ಅಟ್ಟದಲ್ಲಿ ನಿಂತು ಸುಧಾರಿಸಿಕೊಂಡು ಬಂದವಳು, ನನ್ನ ಕೈ ಕಲ್ಲಿನಷ್ಟು ಗಟ್ಟಿಯಾಗಿತ್ತು. ಡ್ರಮ್ಮು ಇಳಿಯುವಾಗ ಮೇಸ್ತ್ರಿ ಎಡಕ್ಕೆ, ಬಲಕ್ಕೆ ಎಂದು ಬೊಬ್ಬೆ ಹೊಡೆಯುತ್ತಿದ್ದ. ಅವನ ವಾಕಿಟಾಕಿಯಿಂದ ನನಗೆ ಇನ್ನೊಂದು ದನಿ ಕೇಳಿಸಿತು.

“ಶ್!”

ಅಮ್ಮ, ಸಿಸ್ಟರ್! ಮೇಸ್ತ್ರಿಯ ಪಕ್ಕದಲ್ಲೇ ನಿಂತಿದ್ದಳು. ನಿಮ್ಮಿಂದಲೇ ಕಲಿತದ್ದು. ಇಡೀ ಅಂಗಳ ಗಪ್‌ಚುಪ್ ಆಯಿತು. ಡ್ರಮ್ಮು ವೃತ್ತದ ನಟ್ಟನಡುವೆ ಕೂತಿತು. ಪರೀಕ್ಷಕರು ಸುತ್ತ ಬಗ್ಗಿ ನೋಡಿ ಒಣಗಿದ ಸುಣ್ಣವನ್ನು ಬೆರಳಿಂದ ಮುಟ್ಟಿದರು. ಒಂದು ಹನಿಯೂ ಚೆಲ್ಲಿರಲಿಲ್ಲ. ಮೂವರಲ್ಲಿ ಪಾಸಾದವಳು ನಾನೊಬ್ಬಳೇ. ಮೇಸ್ತ್ರಿ ಕೈಗಡಿಯಾರವನ್ನು ಜೇಬಿಗೆ ಹಾಕಿಕೊಂಡು “ನಾಳೆಯಿಂದ ಎಲ್ರೂ ಅಟ್ಟದಲ್ಲಿ ನಿಂತೇ ಹತ್ತಿ” ಎಂದು ಗೊಣಗಿದ. ಪಂಪು ಕೊಟ್ಟಿದ್ದ ಕಂಪನಿ ಡಾಕ್ಟರು ಸಹಿ ಹಾಕಿದರು. ಕೆಲಸಕ್ಕೆ ಸೇರುವವರಿಗೆ ಕೊಡುವ ಅರ್ಜಿಯಲ್ಲಿ ‘ಎಷ್ಟನೆಯ ವಾರಕ್ಕೆ ಹುಟ್ಟಿದಿರಿ?’ ಎಂಬ ಪ್ರಶ್ನೆಯನ್ನೂ ಸೇರಿಸಿದ್ದಾರೆ.

ಕೆಳಗಿಳಿದಾಗ ಉಗ್ರಾಣದವನು ನನ್ನ ಹೆಲ್ಮೆಟ್ಟನ್ನೇ ದಿಟ್ಟಿಸುತ್ತಿದ್ದ. “ಓಹೋ, ಆ ಮುಕ್ಕಾಲು ನೀನಾ? ಪೈಪ್ ಕಂಪ್ನಿ ಬಿಲ್ಲು ಅಂತ ಎತ್ತಿಟ್ಟಿದ್ನಲ್ಲಮ್ಮಾ!” ಎಂದು ಓಡಿಹೋಗಿ ನಿಮ್ಮ ಕಾಗದ ತಂದ. ಜಲ್ಲಿಯ ರಾಶಿಯ ಮೇಲೆ ಅಮ್ಮನ ಪಕ್ಕ ಕೂತು ಎರಡನ್ನೂ ಓದಿದೆ.

ಆ ಗುಂಡಿಯ ವಿಷಯ. ಈಗ ನನ್ನ ಎಡಗೈ ಕೆಳಗೂ ಒಂದು ಹಿಡಿಕೆ ಇದೆ. ಹೆಚ್ಚು ಎಳೆದರೆ ಸರಕು ತೂಗಾಡಿ ಎಲ್ಲಾದರೂ ತಗಲುತ್ತದೆ, ತರಚುತ್ತದೆ. ಎಳೆಯದಿದ್ದರೆ ನೆಲ ಬಿಟ್ಟು ಏಳುವುದೇ ಇಲ್ಲ. ಕಾಲು ಭಾಗ ತೆಗೆದುಕೊಂಡೆ ಎಂದು ಬರೆದಿದ್ದೀರಿ. ನಿಮಗೆ ಲೆಕ್ಕ ಬರುವುದಿಲ್ಲ. ಮುಕ್ಕಾಲು ಕೊಟ್ಟಿರಿ. ನೀವು ಎತ್ತಿದಿರಿ ಸಿಸ್ಟರ್, ಸ್ವಲ್ಪ ತರಚಿತು, ಅಷ್ಟೇ. ಇನ್ನೊಮ್ಮೆ ಕ್ಷಮಿಸು ಎಂದು ಬರೆದರೆ ಆ ಕಾಗದವನ್ನು ನಾನೇ ಪೈಪಿನ ಖಾನೆಗೆ ಹಾಕುತ್ತೇನೆ.

ಇದನ್ನು ಕ್ಯಾಬಿನ್‌ನಲ್ಲಿ ಕೂತು ಬರೆಯುತ್ತಿದ್ದೇನೆ, ಮಧ್ಯಾಹ್ನದ ಬಿಡುವಿನಲ್ಲಿ. ಇಂದು ಜೂನ್ ಹದಿನಾಲ್ಕು. ಅಮ್ಮ ಬೆಳಿಗ್ಗೆ ಫೋನ್ ಮಾಡಿ, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ಹುಟ್ಟಿದ ದಿನವೇ ಹುಟ್ಟುಹಬ್ಬದ ಶುಭಾಶಯ ಹೇಳಿದಳು. ಸೆಪ್ಟೆಂಬರ್‌ನದೂ ಬಿಡುವುದಿಲ್ಲವಂತೆ, ರೂಢಿಯಾಗಿದೆಯಂತೆ. ಇಲ್ಲಿಂದ ನೋಡಿದರೆ ನಮ್ಮ ಉಗ್ರಾಣ ಬೆಂಕಿಪೊಟ್ಟಣದಷ್ಟಿದೆ. ನನ್ನ ತಲೆಯ ಮೇಲೆ ಯಾರೂ ಇಲ್ಲ.

ನಿಮ್ಮ ನಮೂನೆಯನ್ನು ತುಂಬಿ ಇದರ ಜೊತೆ ಇಟ್ಟಿದ್ದೇನೆ. ಎಲ್ಲವನ್ನೂ ನಿಜವಾಗಿಯೇ ಬರೆದಿದ್ದೇನೆ, ಎಪ್ಪತ್ತೈದನ್ನೂ, ಬಿಪಿಯನ್ನೂ, ಹಿಮ್ಮಡಿಯ ಇಪ್ಪತ್ತು ಚುಕ್ಕೆಯನ್ನೂ. ಹತ್ತೊಂಬತ್ತನೆಯ ಪ್ರಶ್ನೆಯಲ್ಲಿ ಮಾತ್ರ ನಿಮ್ಮ ಡಾಕ್ಟರು ಕೊಟ್ಟ ಜಾಗ ಸಾಲಲಿಲ್ಲ. ಮೂರರ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ನಾನೇ ನಾಲ್ಕನೆಯ ಚೌಕ ಎಳೆದು, ಒಳಗೆ ಬರೆದಿದ್ದೇನೆ: ಹದಿನೇಳು.

ಇಂತಿ,
ಮುಕ್ಕಾಲು